ಕೊಂದವನೂ ಅಜ್ಜ, ಸತ್ತವನೂ ಅಜ್ಜ: ರಾಣಿ ಇಸಾಬೆಲ್‌ಳ ವಂಶವೃಕ್ಷ

ಪ್ರಶ್ನೆ: ಕೊಲಂಬಸ್‌ನನ್ನು ಕಳಿಸಿದ ಸ್ಪೇನಿನ ರಾಣಿ ಇಸಾಬೆಲ್‌ಳ ವಂಶವೃಕ್ಷ ಬರೆಯಲು ಕೂತಿದ್ದೇನೆ. ಜಾನ್ ಆಫ್ ಗಾಂಟ್ ಎಂಬ ಇಂಗ್ಲಿಷ್ ರಾಜಕುಮಾರನ ಹೆಸರು ಅಪ್ಪನ ಕಡೆಯೂ ಬರುತ್ತಿದೆ, ಅಮ್ಮನ ಕಡೆಯೂ ಬರುತ್ತಿದೆ. ನಾನು ಎಲ್ಲಾದರೂ ಎಡವಿದ್ದೇನಾ? ಗಂಡ ಫರ್ನಾಂಡೊ ಕೂಡ ಸಂಬಂಧಿಯೇ ಅಂತಾರಲ್ಲ, ಎಷ್ಟು ಹತ್ತಿರದ ಸಂಬಂಧ? ಇವರಿಬ್ಬರಲ್ಲಿ ಯೆಹೂದಿ ರಕ್ತ ಇತ್ತು ಅಂತಲೂ ಓದಿದೆ, ನಿಜವಾ?

ಉತ್ತರ: ಎಡವಿಲ್ಲ, ನಿಮ್ಮ ಚಾರ್ಟ್ ಸರಿಯಾಗಿಯೇ ಇದೆ. ಅಪ್ಪನ ಕಡೆಯಿಂದ ಜಾನ್ ಆಫ್ ಗಾಂಟ್ ಇಸಾಬೆಲ್‌ಗೆ ಮುತ್ತಜ್ಜ. ಅಮ್ಮನ ಕಡೆಯಿಂದ ಇನ್ನೊಂದು ಮೆಟ್ಟಿಲು ಮೇಲೆ, ಅಂದರೆ ಮುತ್ತಜ್ಜಿಯ ಅಪ್ಪ. ಆತ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್‌ನ ಮಗ. ಅವನ ಮೊದಲ ಹೆಂಡತಿ ಬ್ಲಾಂಚ್‌ಳ ಮಗಳು ಫಿಲಿಪಾ ಪೋರ್ಚುಗಲ್‌ಗೆ ಸೊಸೆಯಾಗಿ ಹೋದಳು. ಎರಡನೇ ಹೆಂಡತಿ ಕಾನ್‌ಸ್ಟಾನ್ಸಾಳ ಮಗಳು ಕತಲೀನಾ ಕ್ಯಾಸ್ಟೀಲ್‌ಗೆ ಹೋದಳು. ಆಗ ಸ್ಪೇನ್ ಅಂತ ಒಂದೇ ರಾಜ್ಯ ಇರಲಿಲ್ಲ. ಕ್ಯಾಸ್ಟೀಲ್, ಅರಗಾನ್, ನವಾರ್ರ ಎಲ್ಲಾ ಬೇರೆ ಬೇರೆ. ಇಸಾಬೆಲ್‌ಳ ಅಪ್ಪ, ಕ್ಯಾಸ್ಟೀಲ್‌ನ ಎರಡನೇ ಹುವಾನ್, ಕತಲೀನಾಳ ಮಗ. ಅಮ್ಮ, ಪೋರ್ಚುಗಲ್‌ನ ಇಸಾಬೆಲ್, ಫಿಲಿಪಾಳ ಮೊಮ್ಮಗಳು. ಅಲ್ಲಿಗೆ ಗಾಂಟ್ ಎರಡು ಕಡೆಯಿಂದ ಬಂದ.

ಆದರೆ ಆ ಇಂಗ್ಲಿಷಿನವನಿಗಿಂತ ಕಾನ್‌ಸ್ಟಾನ್ಸಾ ಹೆಚ್ಚು ಮುಖ್ಯ. ಈ ವಂಶವೃಕ್ಷದ ಗಂಟು ಇರುವುದೇ ಅವಳಲ್ಲಿ. ಅದನ್ನು ಬಿಡಿಸಲು 1369ಕ್ಕೆ ಹೋಗಬೇಕು.

ಕ್ಯಾಸ್ಟೀಲ್‌ನ ರಾಜ ಹನ್ನೊಂದನೇ ಅಲ್ಫೊನ್ಸೊಗೆ ಪಟ್ಟದ ರಾಣಿ ಪೋರ್ಚುಗಲ್‌ನ ಮರಿಯಾ. ಅವಳಲ್ಲಿ ಉಳಿದ ಮಗ ಒಬ್ಬನೇ, ಪೆದ್ರೊ. ಆದರೆ ರಾಜ ಸಂಸಾರ ಮಾಡಿದ್ದು ಲೆಓನೋರ್ ದೆ ಗುಸ್ಮಾನ್ ಎಂಬ ಸೆವಿಲ್ಲೆಯ ಹೆಂಗಸಿನ ಜೊತೆ. ಅವಳಲ್ಲಿ ಹತ್ತು ಮಕ್ಕಳು. ಆ ಹತ್ತರಲ್ಲಿ ಎನ್ರಿಕೆ ಮತ್ತು ಫದ್ರಿಕೆ ಅವಳಿಜವಳಿ. 1350ರಲ್ಲಿ ಅಲ್ಫೊನ್ಸೊ ಪ್ಲೇಗ್‌ನಿಂದ ಸತ್ತ, ಪೆದ್ರೊ ಪಟ್ಟಕ್ಕೆ ಬಂದ. ಮರುವರ್ಷವೇ ಲೆಓನೋರ್‌ಳನ್ನು ತಲವೇರಾದಲ್ಲಿ ಕೊಲ್ಲಿಸಿದರು. 1358ರಲ್ಲಿ ಫದ್ರಿಕೆಯನ್ನು ಸೆವಿಲ್ಲೆಯ ಅರಮನೆಗೆ ಕರೆಸಿ ಅಲ್ಲೇ ಮುಗಿಸಿದರು. ಉಳಿದ ಎನ್ರಿಕೆ ಸುಮ್ಮನಿರುತ್ತಾನಾ? ಫ್ರಾನ್ಸಿನ ಸೈನ್ಯ, ಅರಗಾನ್‌ನ ಬೆಂಬಲ ಕಟ್ಟಿಕೊಂಡು ಬಂದ. ಕಡೆಗೆ 1369ರ ಮಾರ್ಚ್‌ನಲ್ಲಿ ಮೊಂತಿಯೆಲ್ ಎಂಬ ಕೋಟೆಯಲ್ಲಿ ಪೆದ್ರೊ ಸಿಕ್ಕಿಹಾಕಿಕೊಂಡ. ಫ್ರೆಂಚ್ ಸೇನಾಪತಿ ದು ಗೆಕ್ಲಾನ್‌ಗೆ ಲಂಚ ಕೊಟ್ಟು ತಪ್ಪಿಸಿಕೊಳ್ಳೋಣ ಅಂತ ರಾತ್ರಿ ಅವನ ಡೇರೆಗೆ ಬಂದರೆ, ಅಲ್ಲಿಗೆ ಎನ್ರಿಕೆ ಬಂದ. ಆ ಕಾಲದ ಇತಿಹಾಸಕಾರ ಆಯಾಲಾ ಬರೆಯುವ ಪ್ರಕಾರ ಎನ್ರಿಕೆಗೆ ಮೊದಲು ಗುರುತೇ ಸಿಗಲಿಲ್ಲ, ನೋಡಿ ಅಷ್ಟು ವರ್ಷ ಆಗಿತ್ತು. ಇವನೇ ನಿಮ್ಮ ಶತ್ರು ಅಂತ ಯಾರೋ ತೋರಿಸಿದರು. ಪೆದ್ರೊ ತಾನೇ ಎರಡು ಸಲ ಹೇಳಿದನಂತೆ: "ನಾನೇ, ನಾನೇ." ಎನ್ರಿಕೆ ಮುಖಕ್ಕೆ ಬಾಕು ಹಾಕಿದ. ಇಬ್ಬರೂ ನೆಲಕ್ಕೆ ಬಿದ್ದರು. ಎದ್ದವನು ಒಬ್ಬನೇ.

ಹಾಗೆ ಶುರುವಾಯಿತು ತ್ರಾಸ್ತಾಮಾರ ವಂಶ. ಇಸಾಬೆಲ್ ಹುಟ್ಟಿದ್ದು ಇದೇ ಮನೆತನದಲ್ಲಿ. ಕೊಂದ ಎನ್ರಿಕೆ ಅವಳ ಮುತ್ತಜ್ಜನ ಅಪ್ಪ.

ಸತ್ತ ಪೆದ್ರೊಗೆ ಗಂಡು ವಾರಸುದಾರ ಉಳಿಯಲಿಲ್ಲ. ಹೆಣ್ಣುಮಕ್ಕಳು ಫ್ರಾನ್ಸಿನ ನೈಋತ್ಯದಲ್ಲಿ ಇಂಗ್ಲಿಷರ ಕೈಲಿದ್ದ ನೆಲದಲ್ಲಿದ್ದರು. ಅವರಲ್ಲಿ ಕಾನ್‌ಸ್ಟಾನ್ಸಾಳನ್ನು 1371ರಲ್ಲಿ ಮದುವೆಯಾದವನೇ ಜಾನ್ ಆಫ್ ಗಾಂಟ್. ಮಾವನ ರಾಜ್ಯ ನನ್ನದು ಅಂತ ಅವನ ವಾದ. ಮುಂದಿನ ಹದಿನೈದು ವರ್ಷ ಲಂಡನ್ನಿನಲ್ಲಿ ಕೂತೇ ಕ್ಯಾಸ್ಟೀಲ್‌ನ ರಾಜ ಅಂತ ಕರೆಸಿಕೊಂಡ, 1386ರಲ್ಲಿ ನಿಜವಾಗಿಯೂ ಸೈನ್ಯ ತಗೊಂಡು ಗಲೀಸಿಯಾಕ್ಕೆ ಬಂದಿಳಿದ, ಅಲ್ಲಿ ಯುದ್ಧಕ್ಕಿಂತ ಕಾಯಿಲೆಯೇ ಅವನ ಜನರನ್ನು ಜಾಸ್ತಿ ಕೊಂದಿತು. ಕೊನೆಗೆ 1388ರಲ್ಲಿ ಬಯೋನ್ ಒಪ್ಪಂದ. ಗಾಂಟ್ ಮತ್ತು ಕಾನ್‌ಸ್ಟಾನ್ಸಾ ಹಕ್ಕು ಬಿಟ್ಟರು. ಬದಲಿಗೆ 6 ಲಕ್ಷ ಚಿನ್ನದ ಫ್ರಾಂಕ್, ಜೊತೆಗೆ ವರ್ಷಕ್ಕೆ 40 ಸಾವಿರ. ಮತ್ತು ಮಗಳು ಕತಲೀನಾಗೆ ಎನ್ರಿಕೆಯ ಮೊಮ್ಮಗನ ಜೊತೆ ಮದುವೆ. ಹುಡುಗಿಗೆ ಸುಮಾರು ಹದಿನೈದು, ಹುಡುಗನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಪಲೆನ್ಸಿಯಾದಲ್ಲಿ ಮದುವೆ ನಡೆಯಿತು, ಮುಂದೆ ಪಟ್ಟಕ್ಕೆ ಬರುವವನಿಗೆ ಅಸ್ತೂರಿಯಾಸ್ ರಾಜಕುಮಾರ ಎಂಬ ಬಿರುದೂ ಆಗಲೇ ಬಂತು. ಅದು ಇವತ್ತಿಗೂ ಸ್ಪೇನಿನಲ್ಲಿ ಚಾಲ್ತಿಯಲ್ಲಿದೆ.

ಈ ಮದುವೆಯಲ್ಲಿ ಹುಟ್ಟಿದವನು ಎರಡನೇ ಹುವಾನ್, ಅವನ ಮಗಳು ನಮ್ಮ ಇಸಾಬೆಲ್. ಅಂದರೆ ಮೊಂತಿಯೆಲ್‌ನ ಡೇರೆಯಲ್ಲಿ ಹೊರಳಾಡಿದ ಇಬ್ಬರೂ ಅವಳ ಪೂರ್ವಜರೇ. ಟೊಲೆಡೊ ಕೆಥೆಡ್ರಲ್‌ಗೆ ಹೋದರೆ ಹೊಸ ರಾಜರ ಚಾಪೆಲ್ ಅಂತ ಒಂದಿದೆ. ಎನ್ರಿಕೆ, ಅವನ ಹೆಂಡತಿ, ಮಗ, ಸೊಸೆ, ಮೊಮ್ಮಗ, ಎಲ್ಲರೂ ಅಲ್ಲೇ ಮಲಗಿದ್ದಾರೆ. ಮೊಮ್ಮಗನ ಪಕ್ಕದಲ್ಲಿ ಕತಲೀನಾಳ ಸಮಾಧಿಯೂ ಇದೆ. ತನ್ನ ಅಜ್ಜನನ್ನು ಚುಚ್ಚಿ ಕೊಂದವನ ಜೊತೆ ಒಂದೇ ಮಾಡಿನಡಿ.

ಇಲ್ಲಿ ಒಂದು ಮಾತು ಸೇರಿಸಬೇಕು. ಕಾನ್‌ಸ್ಟಾನ್ಸಾ ಔರಸ ಮಗಳಾ ಅನ್ನುವುದೇ ಆಗ ಪ್ರಶ್ನೆ. ಪೆದ್ರೊ 1353ರಲ್ಲಿ ಬೂರ್ಬಾನ್ ಮನೆತನದ ಬ್ಲಾಂಚ್‌ಳನ್ನು ಮದುವೆಯಾಗಿ, ಕೆಲವೇ ದಿನಕ್ಕೆ ಬಿಟ್ಟು, ಮರಿಯಾ ದೆ ಪದಿಯಾಳ ಹತ್ತಿರ ಓಡಿಹೋದವನು. ಬ್ಲಾಂಚ್ ಮತ್ತು ಮರಿಯಾ ಇಬ್ಬರೂ 1361ರಲ್ಲಿ ತೀರಿಕೊಂಡರು. ಮರುವರ್ಷ ಪೆದ್ರೊ ಸಭೆ ಕರೆದು, ನಾನು ಬ್ಲಾಂಚ್‌ಗಿಂತ ಮೊದಲೇ ಮರಿಯಾಳನ್ನು ಗುಟ್ಟಾಗಿ ಮದುವೆಯಾಗಿದ್ದೆ ಅಂತ ಘೋಷಿಸಿದ. ಸಭೆ ಹೂಂ ಅಂದಿತು. ಕಾನ್‌ಸ್ಟಾನ್ಸಾಳ ಇಡೀ ಹಕ್ಕು ನಿಂತಿದ್ದು ಆ ಒಂದು ಘೋಷಣೆಯ ಮೇಲೆ. ಹೀಗಾಗಿ ಒಂದು ಕಡೆ ಉಪಪತ್ನಿಯ ಮಗ ಎನ್ರಿಕೆ, ಇನ್ನೊಂದು ಕಡೆ ಸತ್ತ ಮೇಲೆ ರಾಣಿಯಾದವಳ ಮಗಳು. ಈ ಎರಡು ಹುಳುಕನ್ನು ಒಂದಕ್ಕೊಂದು ಗಂಟುಹಾಕಿ ಒಂದು ಗಟ್ಟಿ ಹಕ್ಕು ಮಾಡಿಕೊಂಡರು. ಬಯೋನ್‌ನ ಜಾಣತನ ಅದು.

ಎನ್ರಿಕೆಯ ಹೆಂಡತಿ ಹುವಾನಾ ಮಾನ್ಯುಯೆಲ್‌ಳನ್ನು ಬಹಳ ಜನ ಗಮನಿಸುವುದೇ ಇಲ್ಲ, ತಪ್ಪು. ಅವಳ ಅಪ್ಪ ಡಾನ್ ಹುವಾನ್ ಮಾನ್ಯುಯೆಲ್ ಕ್ಯಾಸ್ಟೀಲ್ ಭಾಷೆಯ ಹಳೆಯ ದೊಡ್ಡ ಗದ್ಯ ಲೇಖಕ, ಸಂತ ಎನಿಸಿಕೊಂಡ ಮೂರನೇ ಫರ್ನಾಂಡೊ ರಾಜನ ಮೊಮ್ಮಗ. ಅವಳ ಅಮ್ಮನ ಕಡೆಯವರು ದೆ ಲಾ ಸೆರ್ದಾ. ಇದು ಹತ್ತನೇ ಅಲ್ಫೊನ್ಸೊನ ಹಿರಿಯ ಮಗನ ಸಂತತಿ, 13ನೇ ಶತಮಾನದಲ್ಲಿ ಚಿಕ್ಕಪ್ಪ ಪಟ್ಟ ಹಾರಿಸಿಕೊಂಡು ಹೋಗಿದ್ದರಿಂದ ಪಕ್ಕಕ್ಕೆ ಸರಿದ ಶಾಖೆ. 1386ರಲ್ಲಿ ಗಾಂಟ್ ಬಂದಿಳಿದಾಗ ಎನ್ರಿಕೆಯ ಮಗ ಒಂದನೇ ಹುವಾನ್ ಸಭೆಯಲ್ಲಿ ಎತ್ತಿದ್ದು ಈ ತಾಯಿ ಕಡೆಯ ಹಕ್ಕನ್ನೇ. ಅಪ್ಪನ ಹುಟ್ಟಿನ ವಿಷಯ ಎತ್ತಿದರೆ ಕಷ್ಟ ಅಲ್ವಾ! ಒಂದನೇ ಹುವಾನ್‌ನ ಹೆಂಡತಿ ಅರಗಾನ್‌ನ ಲೆಓನೋರ್. ಅವಳು ನಾಲ್ಕನೇ ಪೆದ್ರೊ ಮತ್ತು ಸಿಸಿಲಿಯ ಲೆಓನೋರ್‌ಳ ಮಗಳು. ಅವಳ ಮೂಲಕವೇ ಮುಂದೆ 1412ರಲ್ಲಿ ತ್ರಾಸ್ತಾಮಾರರ ಕಿರಿಯ ಶಾಖೆಗೆ ಅರಗಾನ್ ಪಟ್ಟ ಸಿಕ್ಕಿತು.

ಈಗ ಅಮ್ಮನ ಕಡೆ. ನನಗೆ ಹೆಚ್ಚು ಇಷ್ಟ ಇದೇ. ಯಾಕಂದರೆ ಇಲ್ಲಿ ಸೋತವರು ಗೆದ್ದವರು ಇನ್ನೂ ಚೆನ್ನಾಗಿ ಕಲಸಿಹೋಗಿದ್ದಾರೆ.

ಪೋರ್ಚುಗಲ್‌ನ ಒಂದನೇ ಜುವಾಂವ್ ಒಂದನೇ ಪೆದ್ರೊ ರಾಜನಿಗೆ ತೆರೇಜಾ ಲೊರೆನ್ಸೊ ಎಂಬವಳಲ್ಲಿ ಮದುವೆಯಾಚೆ ಹುಟ್ಟಿದವನು. ಅವಿಸ್ ಎಂಬ ಸನ್ಯಾಸಿ ಯೋಧರ ಪಂಥದ ಮುಖ್ಯಸ್ಥನಾಗಿ ಬೆಳೆದ. 1385ರಲ್ಲಿ ಕ್ಯಾಸ್ಟೀಲ್‌ನ ಒಂದನೇ ಹುವಾನ್ ಪೋರ್ಚುಗಲ್ ಪಟ್ಟ ತನ್ನ ಹೆಂಡತಿಗೆ ಸೇರಬೇಕು ಅಂತ ದಂಡೆತ್ತಿ ಬಂದಾಗ (ಇದು ಅವನ ಎರಡನೇ ಹೆಂಡತಿ, ಲೆಓನೋರ್ ಆಗಲೇ ತೀರಿಕೊಂಡಿದ್ದಳು), ಆಗಸ್ಟ್ 14ರಂದು ಅಲ್ಜುಬರೋಟಾದಲ್ಲಿ ಜುವಾಂವ್ ಅವನನ್ನು ಬಗ್ಗುಬಡಿದ. ಜುವಾಂವ್‌ನ ಸೇನಾಪತಿ ನೂನೊ ಆಲ್ವಾರೆಸ್ ಪೆರೇರಾ. ಸೋತ ಹುವಾನ್ ಇಸಾಬೆಲ್‌ಗೆ ತಂದೆ ಕಡೆ ಮುತ್ತಜ್ಜ. ಗೆದ್ದ ಜುವಾಂವ್ ತಾಯಿ ಕಡೆ ಮುತ್ತಜ್ಜ. ಸೇನಾಪತಿ ನೂನೊ? ಅವನೂ ತಾಯಿ ಕಡೆಯವನೇ, ಮುತ್ತಜ್ಜಿಯ ಅಪ್ಪ. ನೂನೊ ಕಡೆಗಾಲದಲ್ಲಿ ಎಲ್ಲ ಬಿಟ್ಟು ಲಿಸ್ಬನ್‌ನಲ್ಲಿ ತಾನೇ ಕಟ್ಟಿಸಿದ ಕಾರ್ಮೆಲ್ ಮಠ ಸೇರಿದ, 2009ರಲ್ಲಿ ಪೋಪ್ ಅವನನ್ನು ಸಂತ ಎಂದು ಸಾರಿದರು. ಆದರೆ ಅವನ ಹುಟ್ಟು ಕೇಳಿ: ಅಪ್ಪ ಬ್ರಹ್ಮಚರ್ಯದ ವ್ರತ ಹಿಡಿದ ಹಾಸ್ಪಿಟಲರ್ ಪಂಥದ ಹಿರಿಯ, ಆ ಅಪ್ಪನ ಅಪ್ಪ ಬ್ರಾಗಾದ ಆರ್ಚ್‌ಬಿಷಪ್. ಎರಡು ತಲೆಮಾರು ವ್ರತಧಾರಿಗಳು!

ಗೆದ್ದ ಜುವಾಂವ್ 1387ರಲ್ಲಿ ಗಾಂಟ್‌ನ ಮಗಳು ಫಿಲಿಪಾಳನ್ನು ಮದುವೆಯಾದ, ಪಂಥದ ವ್ರತಕ್ಕೆ ಪೋಪ್ ವಿನಾಯಿತಿಯ ಪತ್ರ ಬಂದಿದ್ದು ಆಮೇಲೆ. ಬಟಾಲ್ಯಾ ಮಠದಲ್ಲಿ ಇಬ್ಬರ ಕಲ್ಲಿನ ಮೂರ್ತಿಗಳು ಕೈ ಕೈ ಹಿಡಿದು ಒಂದೇ ಸಮಾಧಿಯ ಮೇಲೆ ಮಲಗಿವೆ. ಅದೇ ಕೋಣೆಯ ಗೋಡೆಯಲ್ಲಿ ಅವರ ಮಕ್ಕಳ ಸಮಾಧಿಗಳಿವೆ. ಅವರಲ್ಲೊಬ್ಬ ರಾಜಕುಮಾರ ಜುವಾಂವ್, ಇಸಾಬೆಲ್‌ಳ ಅಜ್ಜ. ಈ ಅಜ್ಜ ಮದುವೆಯಾಗಿದ್ದು ಯಾರನ್ನು ಗೊತ್ತಾ? ತನ್ನ ಅಣ್ಣನ ಮಗಳನ್ನು. ಜುವಾಂವ್ ರಾಜನಿಗೆ ಮದುವೆಗೆ ಮೊದಲೇ ಇನೆಸ್ ಪೀರೆಸ್ ಎಂಬವಳಲ್ಲಿ ಅಫೋನ್ಸೊ ಎಂಬ ಮಗನಿದ್ದ, ಮುಂದೆ ಬ್ರಗಾನ್ಸಾದ ಮೊದಲ ಡ್ಯೂಕ್ ಆದವನು. ಅಫೋನ್ಸೊ ಸೇನಾಪತಿ ನೂನೊನ ಒಬ್ಬಳೇ ಮಗಳು ಬಿಯಾತ್ರಿಸ್‌ಳನ್ನು ಮದುವೆಯಾದ. ಅವರ ಮಗಳನ್ನೇ ಈ ರಾಜಕುಮಾರನಿಗೆ ಕೊಟ್ಟರು. ಅಕ್ಕನ ಮಗಳಾಗಿದ್ದರೆ ನಮ್ಮಲ್ಲೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅಣ್ಣನ ಮಗಳು ಅಂದರೆ ಮಗಳದೇ ವರಸೆ. ಅಲ್ಲಿ ಲೆಕ್ಕ ಬೇರೆ: ಅಕ್ಕನ ಕಡೆ, ಅಣ್ಣನ ಕಡೆ ಅಂತ ಚರ್ಚ್ ಭೇದ ಮಾಡುತ್ತಿರಲಿಲ್ಲ. ಎರಡೂ ನಿಷಿದ್ಧ, ಪೋಪ್ ಕಾಗದ ಕೊಟ್ಟರೆ ಎರಡೂ ಸಲೀಸು. ಅಂತೂ ಜುವಾಂವ್ ರಾಜನೂ ಗಾಂಟ್‌ನ ಹಾಗೆ ನಿಮ್ಮ ಚಾರ್ಟ್‌ನಲ್ಲಿ ಎರಡು ಕಡೆ ಕಾಣಿಸಬೇಕು. ಕಾಣಿಸದಿದ್ದರೆ ಬ್ರಗಾನ್ಸಾ ಸಾಲನ್ನು ಮತ್ತೊಮ್ಮೆ ನೋಡಿ.

ಇವರ ಮಗಳು ಪೋರ್ಚುಗಲ್‌ನ ಇಸಾಬೆಲ್ 1447ರಲ್ಲಿ ಕ್ಯಾಸ್ಟೀಲ್‌ನ ಎರಡನೇ ಹುವಾನ್‌ಗೆ ಎರಡನೇ ಹೆಂಡತಿಯಾಗಿ ಬಂದಳು. ಸಂಬಂಧ ಕುದುರಿಸಿದವನು ರಾಜನ ನೆಚ್ಚಿನ ಮಂತ್ರಿ ಆಲ್ವಾರೊ ದೆ ಲೂನಾ. ಆರು ವರ್ಷದಲ್ಲಿ ಅವನ ತಲೆ ವಯ್ಯಾದೊಲಿದ್‌ನಲ್ಲಿ ಉರುಳಿತು, ಅದರಲ್ಲಿ ಈ ರಾಣಿಯ ಒತ್ತಾಯವೂ ಇತ್ತು. 1451ರ ಏಪ್ರಿಲ್ 22ರಂದು ಮದ್ರಿಗಾಲ್ ಎಂಬ ಊರಿನಲ್ಲಿ ನಮ್ಮ ಇಸಾಬೆಲ್ ಹುಟ್ಟಿದಳು. ಅವಳಿಗೆ ಮೂರು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ಅಪ್ಪ ಹೋದ. ಅಮ್ಮ ಅರೆವಾಲೊ ಊರಿನಲ್ಲಿ ಮನಸ್ಸು ಕೆಟ್ಟು, ನಾಲ್ಕು ದಶಕ ಬದುಕಿದಳು. ಇಸಾಬೆಲ್‌ಳ ಮಗಳು ಹುವಾನಾಳನ್ನೂ ಹುಚ್ಚಿ ಅಂತ ಕರೆದು ತೊರ್ದೆಸಿಯಾಸ್‌ನಲ್ಲಿ ಕೂಡಿಹಾಕಿದರಲ್ಲ, ಅದಕ್ಕೆ ಪೋರ್ಚುಗೀಸ್ ರಕ್ತ ಕಾರಣ ಅಂತ ಬಹಳ ಜನ ಬರೀತಾರೆ. ನಾನು ಆ ಮಾತಿಗೆ ಹೋಗುವುದಿಲ್ಲ. ಹುವಾನಾಳ ಅಪ್ಪನಿಗೂ ಗಂಡನಿಗೂ ಮಗನಿಗೂ ಅವಳು ಒಳಗಿದ್ದರೆ ಲಾಭ ಇತ್ತು, ಆ ಲೆಕ್ಕ ಬಿಟ್ಟು ಬರೀ ರಕ್ತದ ಮೇಲೆ ಹೊರಿಸುವುದು ಸರಿಯಲ್ಲ. ಅದೇ ರೀತಿ ಇಸಾಬೆಲ್‌ಳ ಬಿಳಿ ಬಣ್ಣ, ಹೊಂಬಣ್ಣದ ಕೂದಲು, ಹಸಿರು-ನೀಲಿ ನಡುವಿನ ಕಣ್ಣಿಗೆ ಇಂಗ್ಲಿಷ್ ಮುತ್ತಜ್ಜನೇ ಕಾರಣ ಅನ್ನುವುದೂ. ಅವಳ ಆಸ್ಥಾನದ ಪುಲ್ಗಾರ್ ಅವಳ ರೂಪವನ್ನು ಹಾಗೆ ಬಣ್ಣಿಸಿದ್ದಾನೆ ನಿಜ. ಆದರೆ ಗಾಂಟ್ ಎರಡು ಕಡೆಯಿಂದ ಬಂದರೂ ಅವನ ಪಾಲು ಹದಿನಾರರಲ್ಲಿ ಮೂರು ಅಷ್ಟೇ.

ಎರಡನೇ ಪ್ರಶ್ನೆ, ಫರ್ನಾಂಡೊ. ಕ್ಯಾಸ್ಟೀಲ್‌ನ ಒಂದನೇ ಹುವಾನ್‌ಗೆ ಇಬ್ಬರು ಗಂಡುಮಕ್ಕಳು. ಹಿರಿಯ ಮೂರನೇ ಎನ್ರಿಕೆ, ಕತಲೀನಾಳ ಗಂಡ. ಕಿರಿಯ ಫರ್ನಾಂಡೊ, 1412ರಲ್ಲಿ ಅರಗಾನ್ ಪಟ್ಟ ಪಡೆದವನು. ಹಿರಿಯನ ಮಗನ ಮಗಳು ಇಸಾಬೆಲ್. ಕಿರಿಯನ ಮಗನ ಮಗ ಈ ಫರ್ನಾಂಡೊ. ಅವರ ಅಪ್ಪಂದಿರು ಅಣ್ಣತಮ್ಮಂದಿರ ಮಕ್ಕಳು, ಇಬ್ಬರ ಹೆಸರೂ ಎರಡನೇ ಹುವಾನ್ ಬೇರೆ. ನಮ್ಮ ವರಸೆಯಲ್ಲಿ ಫರ್ನಾಂಡೊ ಅವಳಿಗೆ ತಮ್ಮನಾಗಬೇಕು, ವಯಸ್ಸಿನಲ್ಲೂ ಹತ್ತೂವರೆ ತಿಂಗಳು ಚಿಕ್ಕವನು. ಚರ್ಚ್ ಲೆಕ್ಕದಲ್ಲಿ ಇದು ಮೂರನೇ ಮೆಟ್ಟಿಲ ಸಂಬಂಧ: ಇಬ್ಬರಿಗೂ ಸಮಾನವಾದ ಹಿರಿಯನಿಂದ ಇಬ್ಬರೂ ಮೂರು ಮೆಟ್ಟಿಲು ಕೆಳಗೆ. 1215ರ ಲ್ಯಾಟರನ್ ಸಭೆಯ ಪ್ರಕಾರ ನಾಲ್ಕನೇ ಮೆಟ್ಟಿಲವರೆಗೂ ಮದುವೆ ನಿಷಿದ್ಧ. ಆದ್ದರಿಂದ ಪೋಪ್ ಅನುಮತಿ ಬೇಕೇ ಬೇಕು.

ಅನುಮತಿ ಇತ್ತಾ? ಇರಲಿಲ್ಲ! 1469ರ ಅಕ್ಟೋಬರ್ 19ರಂದು ವಯ್ಯಾದೊಲಿದ್‌ನಲ್ಲಿ ಮದುವೆಯಾದಾಗ ಓದಿದ್ದು ನಕಲಿ ಪತ್ರ. ಐದು ವರ್ಷದ ಹಿಂದೆಯೇ ಸತ್ತಿದ್ದ ಎರಡನೇ ಪಯಸ್ ಪೋಪ್‌ನ ಹೆಸರಿನದು. ಅಸಲಿ ಅನುಮತಿಗೆ ನಾಲ್ಕನೇ ಸಿಕ್ಸ್‌ಟಸ್ ಪೋಪ್ ಸಹಿ ಬಿದ್ದಿದ್ದು 1471ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಹಿರಿಯ ಮಗಳು ಹುಟ್ಟಿ ವರ್ಷ ದಾಟಿತ್ತು.

ಇದನ್ನು ಯಾಕೆ ಎಳೆದು ಹೇಳುತ್ತಿದ್ದೇನೆ ಅಂದರೆ, ಇಸಾಬೆಲ್ ಪಟ್ಟಕ್ಕೆ ಬಂದಿದ್ದೇ ಇನ್ನೊಬ್ಬಳ ಹುಟ್ಟನ್ನು ಪ್ರಶ್ನೆ ಮಾಡಿ. ಅವಳ ಮಲಅಣ್ಣ ನಾಲ್ಕನೇ ಎನ್ರಿಕೆಗೆ ಹುವಾನಾ ಎಂಬ ಮಗಳಿದ್ದಳು. ಅವಳು ರಾಜನ ಮಗಳಲ್ಲ, ಬೆಲ್ತ್ರಾನ್ ಎಂಬ ಆಪ್ತನ ಮಗಳು ಅಂತ ಶತ್ರುಗಳು ಬೆಲ್ತ್ರಾನೇಹಾ ಎಂದು ಅಡ್ಡಹೆಸರಿಟ್ಟರು. ಈ ಗಾಳಿಮಾತನ್ನೇ ಎಲ್ಲರೂ ಚಪ್ಪರಿಸುವುದು. ಆದರೆ ಇಸಾಬೆಲ್‌ಳೇ ವಾರಸುದಾರಳು ಅಂತ ಅಣ್ಣ ಒಪ್ಪಿಕೊಂಡ 1468ರ ಗಿಸಾಂಡೊ ಒಪ್ಪಂದದಲ್ಲಿ ಹಿಡಿದ ಕಾರಣ ಬೇರೆ: ರಾಜ-ರಾಣಿಯ ಮದುವೆಯೇ ಕಾನೂನುಬದ್ಧವಲ್ಲ ಅಂತ. ಮದುವೆ ಸರಿಯಿಲ್ಲ ಅಂತ ಅಣ್ಣನ ಮಗಳನ್ನು ಪಕ್ಕಕ್ಕೆ ಸರಿಸಿದವಳು ಮರುವರ್ಷ ನಕಲಿ ಪತ್ರದ ಮೇಲೆ ತಾನೇ ಮದುವೆಯಾದಳು. ಅವಳ ಹಿಂದೆ ನೋಡಿದರೆ ಮೊಂತಿಯೆಲ್‌ನ ಎನ್ರಿಕೆ, ಜುವಾಂವ್ ರಾಜ, ಅಫೋನ್ಸೊ, ನೂನೊ, ಎಲ್ಲರೂ ಮದುವೆಯಾಚೆ ಹುಟ್ಟಿದವರೇ. ನನ್ನ ಪ್ರಕಾರ ಅವಳ ವಂಶವೃಕ್ಷದಿಂದ ತಿಳಿಯುವ ದೊಡ್ಡ ಸಂಗತಿ ಇದು: ಆ ಕಾಲದಲ್ಲಿ ಔರಸತನ ಅಂದರೆ ಯುದ್ಧ ಗೆದ್ದ ಮೇಲೆ ಸಿಗುವ ಕಾಗದ. ಹುವಾನಾಳ ಕಡೆಯವರು ಸೋತರು, ಅವಳಿಗೆ ಕಾಗದ ಸಿಗಲಿಲ್ಲ. 1475ರಿಂದ 79ರವರೆಗೆ ನಡೆದ ಆ ಯುದ್ಧವನ್ನು ಮುಗಿಸುವ ಮಾತುಕತೆಗೆ ಅಲ್ಕಾಂತರಾದಲ್ಲಿ ಎದುರುಬದುರು ಕೂತವರೂ ಮನೆಯವರೇ. ಈ ಕಡೆ ಇಸಾಬೆಲ್, ಆ ಕಡೆ ಪೋರ್ಚುಗಲ್ ಪರವಾಗಿ ಅವಳ ಚಿಕ್ಕಮ್ಮ ಬಿಯಾತ್ರಿಸ್.

ಈ ಚಿಕ್ಕಮ್ಮನ ಮಗ ಯಾರು ಗೊತ್ತಾ, ಪೋರ್ಚುಗಲ್‌ನ ದೊರೆ ಮಾನ್ಯುಯೆಲ್. ವಾಸ್ಕೊ ಡ ಗಾಮನನ್ನು ಕಳಿಸಿದವನು. 1498ರಲ್ಲಿ ಗಾಮ ವಾಪಸು ಹೋಗುವಾಗ ಹಡಗು ನಿಲ್ಲಿಸಿದ ಅಂಜುದೀವ ದ್ವೀಪ ನಮ್ಮ ಕಾರವಾರದ ಪಕ್ಕದ್ದೇ, 1505ರಲ್ಲಿ ಮಾನ್ಯುಯೆಲ್‌ನ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆಯನ್ನೂ ಕಟ್ಟಿಸಿದ. ಕೊಲಂಬಸ್‌ನನ್ನು ಕಳಿಸಿದ ಅಕ್ಕ, ಗಾಮನನ್ನು ಕಳಿಸಿದ ತಮ್ಮ. ಈ ತಮ್ಮ ಅಕ್ಕನ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳಾದ ಮೇಲೆ ಒಬ್ಬಳಂತೆ ಮದುವೆಯಾದ. ಮುಂದೆ ಅದು ಇನ್ನೂ ಬಿಗಿಯಾಗುತ್ತಾ ಹೋಗಿ, ಎರಡನೇ ಫಿಲಿಪ್‌ನ ಮಗ ಡಾನ್ ಕಾರ್ಲೋಸ್‌ಗೆ ಎಂಟರ ಬದಲು ನಾಲ್ಕೇ ಜನ ಮುತ್ತಜ್ಜ-ಮುತ್ತಜ್ಜಿಯರು, ಅವರ ಮೇಲಿನ ಸಾಲಿನಲ್ಲಿ 16ರ ಬದಲು ಆರೇ ಜನ. ಅದಕ್ಕೆ ಹೋಲಿಸಿದರೆ ಇಸಾಬೆಲ್‌ಳ ಚಾರ್ಟ್ ಸಾಕಷ್ಟು ವಿಶಾಲ: ಅವಳ ಮುತ್ತಜ್ಜ-ಮುತ್ತಜ್ಜಿಯರ ತಂದೆತಾಯಿಯರ ಸಾಲಿನಲ್ಲಿ 16 ಬೇರೆ ಬೇರೆ ಹೆಸರುಗಳೇ ಇವೆ.

ಯೆಹೂದಿ ರಕ್ತದ ಮಾತು ಹೆಚ್ಚಾಗಿ ಕೇಳಿಬರುವುದು ಫರ್ನಾಂಡೊ ಬಗ್ಗೆ. ಅವನ ಅಮ್ಮ ಹುವಾನಾ ಎನ್ರಿಕೆಸ್. ಅವಳ ಅಜ್ಜ ಅಲೊನ್ಸೊ ಎನ್ರಿಕೆಸ್, ಸೆವಿಲ್ಲೆಯಲ್ಲಿ ಕೊಲೆಯಾದ ಫದ್ರಿಕೆಯ ಮಗ. ಫದ್ರಿಕೆಗೆ ಮದುವೆಯಾಗಿರಲಿಲ್ಲ. ಅಲೊನ್ಸೊನ ತಾಯಿ ಪಲೋಮಾ ಎಂಬ ಯೆಹೂದಿ ಹೆಂಗಸು ಅಂತ ಒಂದು ಕತೆ ಹರಡಿತು, ಅದಕ್ಕೆ ಆ ಕಾಲದ ದಾಖಲೆಯ ಆಧಾರ ಇಲ್ಲ. ಇಸಾಬೆಲ್ ಕಡೆಯೂ ಅಂಥದ್ದೇ ಒಂದಿದೆ, ಬಹಳ ಜನರಿಗೆ ಗೊತ್ತಿಲ್ಲ. ಇನೆಸ್ ಪೀರೆಸ್ ಅಂದೆನಲ್ಲ, ಅವಳ ಅಪ್ಪ ವೇಯ್ರೊಸ್ ಎಂಬ ಊರಿನ ಚಮ್ಮಾರ, ಮಗಳ ಮಾನ ಹೋಯಿತು ಅಂತ ಆಮೇಲೆ ಗಡ್ಡ ಬೋಳಿಸಲೇ ಇಲ್ಲ, ಅದಕ್ಕೇ ಬರ್ಬದಾಂವ್, ಗಡ್ಡದವನು, ಅಂತ ಹೆಸರು ಬಿತ್ತು ಅಂತ ಪೋರ್ಚುಗಲ್‌ನಲ್ಲಿ ಕತೆ. ಅವನು ಯೆಹೂದಿ ಅಂತ ಆಮೇಲೆ ಸೇರಿಸಿದರು. ಇಂಥ ಕತೆಗಳು ಹುಟ್ಟಿದ ವಾತಾವರಣ ನೋಡಿ: 1449ರಲ್ಲಿ ಟೊಲೆಡೊದಲ್ಲಿ ಯೆಹೂದಿ ಮೂಲದ ಕ್ರೈಸ್ತರಿಗೆ ಊರಿನ ಹುದ್ದೆ ಕೊಡಬಾರದು ಅಂತ ಕಟ್ಟಳೆ ಬಂತು. 1478ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯಕ್ಕೆ ಪೋಪ್ ಅನುಮತಿ, 1492ರಲ್ಲಿ ಯೆಹೂದಿಗಳನ್ನು ದೇಶದಿಂದ ಓಡಿಸುವ ಆಜ್ಞೆ. ಅದಕ್ಕೆ ಸಹಿ ಹಾಕಿದ್ದು ಇದೇ ದಂಪತಿ. ರಕ್ತದ ಶುದ್ಧಿ ಕೇಳುವ ಸಮಾಜದಲ್ಲಿ ದೊಡ್ಡವರ ಕಾಲೆಳೆಯಲು ಇದಕ್ಕಿಂತ ಒಳ್ಳೆ ಅಸ್ತ್ರ ಬೇಕಾ? ಚಾರ್ಟ್‌ನಲ್ಲಿ ಆ ಎರಡು ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಯೆಹೂದಿ ಅಂತ ಬರೆಯಬೇಡಿ.

ಇನ್ನೊಂದು ಕೆಲಸದ ಮಾತು. ಹೆಸರುಗಳ ಜೊತೆ ರಾಜ್ಯದ ಹೆಸರು, ಸತ್ತ ವರ್ಷ ಎರಡನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ತಲೆ ಕೆಡುತ್ತೆ. ಇಸಾಬೆಲ್‌ಗೆ ಒಂದನೇ ಪೆದ್ರೊ ಎಂಬ ಪೂರ್ವಜರು ಇಬ್ಬರು, ಅದೂ ಒಂದೇ ಸಾಲಿನಲ್ಲಿ. ಕ್ಯಾಸ್ಟೀಲ್‌ನವನು 1369ರಲ್ಲಿ ಸತ್ತವನು, ಪೋರ್ಚುಗಲ್‌ನವನು 1367ರಲ್ಲಿ. ಇಬ್ಬರಿಗೂ ಕ್ರೂರಿ ಎಂಬ ಅಡ್ಡಹೆಸರು, ಸಾಲದ್ದಕ್ಕೆ ಪೋರ್ಚುಗಲ್‌ನವನು ಕ್ಯಾಸ್ಟೀಲ್‌ನವನಿಗೆ ಸೋದರಮಾವ. ಪೋರ್ಚುಗಲ್‌ನ ಇಸಾಬೆಲ್ ಅಂತ ಹುಡುಕಿದರೆ ಮೊದಲು ಸಿಗುವುದು ಐದನೇ ಚಾರ್ಲ್ಸ್‌ನ ಹೆಂಡತಿ. ಅವಳು ನಮ್ಮ ರಾಣಿಯ ಮೊಮ್ಮಗಳು. ನಿಮಗೆ ಬೇಕಾದ ತಾಯಿ 1496ರಲ್ಲಿ ಅರೆವಾಲೊದಲ್ಲಿ ತೀರಿಕೊಂಡವಳು, ಬುರ್ಗೋಸ್ ಹತ್ತಿರದ ಮಿರಾಫ್ಲೋರೆಸ್ ಮಠದಲ್ಲಿ ಗಂಡನ ಜೊತೆ ನಕ್ಷತ್ರದ ಆಕಾರದ ಅಲಬಾಸ್ಟರ್ ಸಮಾಧಿಯಲ್ಲಿದ್ದಾಳೆ. ಅದನ್ನು ಗಿಲ್ ದೆ ಸಿಲೊಯೆ ಎಂಬ ಶಿಲ್ಪಿಯಿಂದ ಮಾಡಿಸಿದ್ದು ಮಗಳೇ.